ಕಪ್ಪಿ ಒದರಿದಾಗ ಉಸಿರು ಬಿಡ್ರಿ

ನಿನ್ನೆ ಸಂಜೆ ಒಂದು ಕೆಲಸ ಮುಗಿಸಿ ಉಳಿ ಕೆಳಗಿಟ್ಟೆ. ಒಂಬತ್ತು ತಿಂಗಳಲ್ಲಿ ಇದೇ ಮೊದಲು. ದೇವರ ಮೂರ್ತಿಯೇನಲ್ಲ, ಹಕ್ಕಿಗಳಿಗೆ ನೀರಿಡುವ ಒಂದು ಕಲ್ಲಿನ ಮರಿಗೆ, ಅಂದರೆ ಬಾನಿ. ಅಗಲ ಒಂದೂವರೆ ಅಡಿ, ಆಳ ಮೂರು ಬೆರಳು. ಒಳ್ಳೆಯ ಕಲ್ಲನ್ನು ಸುತ್ತಿಗೆಯಲ್ಲಿ ತಟ್ಟಿದರೆ ಗಂಟೆಯ ಹಾಗೆ ಕೇಳುತ್ತದೆ. ಇದು ಡಬ್ ಅಂದಿತ್ತು. ಒಳಗೆಲ್ಲೋ ಬಿರುಕು. ಮೂರ್ತಿಗೆ ಆಗದ್ದು ಅಂತ ಅಂಗಳದ ಮೂಲೆಯಲ್ಲಿ ಬಿದ್ದಿತ್ತು. ನನ್ನ ಹಾಗೇ ಅಂದರೆ ಹೆಂಡತಿ ಬೈತಾಳೆ, ಬಿಡಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಾನು ಕಲ್ಲು ಕೆತ್ತುವವನು, ಕಲ್ಲಿನ ಧೂಳು ಎದೆಗೆ ಸೇರಿ ಹೋದ ಮಳೆಗಾಲದ ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದೆ. ಮೂವತ್ತು ವರ್ಷ ಮಾಸ್ಕ್ ಹಾಕದೆ ಗ್ರೈಂಡರ್ ಹಿಡಿದವನು ನಾನೇ, ಬೇರೆಯವರನ್ನು ದೂರುವ ಹಾಗಿಲ್ಲ. ಆಸ್ಪತ್ರೆಯ ಡಾಕ್ಟರಿಗೆ, ನರ್ಸಮ್ಮಂದಿರಿಗೆ, ಮರುದಿನ ಬೆಳಿಗ್ಗೆ ಮಳೆಯಲ್ಲೇ ಕತ್ತಿ ಗರಗಸ ಹಿಡಿದು ಬಂದು ರಸ್ತೆಗೆ ಬಿದ್ದ ಮರ ಕಡಿದ ಅಕ್ಕಪಕ್ಕದವರಿಗೆ, ಕೊಟ್ಟ ಅಡ್ವಾನ್ಸ್ ವಾಪಸ್ ಕೇಳದೆ ಕಾದ ದೇವಸ್ಥಾನದ ಸಮಿತಿಯವರಿಗೆ ಕೈ ಮುಗಿಯುತ್ತೇನೆ.

ಇನ್ನು ನಮ್ಮ ಹುಡುಗನ ವಿಷಯ.

ಅವನು ಇಳಕಲ್ ಕಡೆಯವನು, 21 ವರ್ಷ. ಮಿಯ್ಯಾರಿನ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕೆತ್ತನೆ ಕಲಿತು ನನ್ನ ಹತ್ತಿರ ಕೆಲಸಕ್ಕೆ ಸೇರಿದ್ದ. ಜೋರು ಮಳೆಯ ಆಟಿ ತಿಂಗಳ ಆ ರಾತ್ರಿ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಹೆಂಡತಿ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಳು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ರಸ್ತೆಗೆ ಮರ ಬಿದ್ದಿದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅವನು ನನ್ನನ್ನು ಎಬ್ಬಿಸಿ ಜಗಲಿಗೆ ತಂದ, ಬೆನ್ನಿಗೆ ಅಕ್ಕಿ ಮೂಟೆ ಕೊಟ್ಟು ಕೂರಿಸಿದ.

ಕಲ್ಲಿನ ರಾಶಿಯ ಸಂದಿಯಲ್ಲಿ ಒಂದು ಕಪ್ಪೆ ಕೂಗುತ್ತಿತ್ತು. ಒಂದೇ ಸಮ, ನಡುನಡುವೆ ಬಿಡುವು ಕೊಟ್ಟು. ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತ. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ: "ಅಣ್ಣಾರ, ಕಪ್ಪಿ ಒದರಿದಾಗ ಉಸಿರು ಬಿಡ್ರಿ. ಸುಮ್ಮಾದಾಗ ತಗೋರಿ. ಬ್ಯಾರೆ ಏನೂ ವಿಚಾರ ಮಾಡಬ್ಯಾಡ್ರಿ."

ಬೆಳಗಿನವರೆಗೂ ಅದೇ. ನಾನು ತಪ್ಪಿದಾಗೆಲ್ಲ ಅವನು ಕೈ ಒತ್ತುತ್ತಿದ್ದ. ಮೂರು ಗಂಟೆ ಹೊತ್ತಿಗೆ ಕಪ್ಪೆ ನಿಲ್ಲಿಸಿಬಿಟ್ಟಿತು. ಆಗ ಅವನೇ ಕಪ್ಪೆ ಥರ ಕೂಗಲು ಶುರು ಮಾಡಿದ. ಈಗ ನೆನೆದರೆ ನಗು ಬರುತ್ತದೆ. ಆವತ್ತು ನಗಲಿಲ್ಲ. ಅವನ ಹೆಗಲಿಗೆ ಒರಗಿ ಅತ್ತೆ. 54 ವರ್ಷದ ಮನುಷ್ಯ, ಸಾಯಲು ಭಯ ಅಂತ ಬಾಯಿಬಿಟ್ಟು ಹೇಳಿದೆ. ಅಪ್ಪನೂ ಇದೇ ಕೆಮ್ಮು ಕೆಮ್ಮಿ ಹೋದವನು. 1973ರಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕಡೆದ 39 ಅಡಿ ಬಾಹುಬಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಹೊರಟಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದನಂತೆ. ನನಗೆ ನೆನಪಿಲ್ಲ. ಆದರೆ ಆ ರಾತ್ರಿ ಹುಡುಗನ ಹೆಗಲಲ್ಲಿ ಕಲ್ಲಿನ ಧೂಳಿನ ವಾಸನೆ ಇತ್ತು. ಅಪ್ಪನ ಅಂಗಿಯ ವಾಸನೆಯೂ ಅದೇ.

ಆಸ್ಪತ್ರೆಯಿಂದ ಬಂದ ಮೇಲೆ ಶೆಡ್ಡಿಗೆ ಹೋಗುವ ಹಾಗಿರಲಿಲ್ಲ. ಜಗಲಿಯೇ ಗತಿ. ಹೆಂಡತಿ ಇಪ್ಪತ್ತೈದು ವರ್ಷದಿಂದ ನೆಟ್ಟು ಬೆಳೆಸಿದ ಹಿತ್ತಲನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಚೌತಿ ಹೊತ್ತಿಗೆ ಬೇಲಿಯ ಮೇಲೆ ಗೌರಿ ಹೂವಿನ ಬಳ್ಳಿ ಹಬ್ಬಿತ್ತು. ಅದಕ್ಕೆ ಬೇರೆ ಕುಡಿಬಳ್ಳಿಯೇ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ನಾನು ಎಷ್ಟು ಬಾಹುಬಲಿಯ ಕಾಲಿಗೆ ಬಳ್ಳಿ ಸುತ್ತಿಸಿದ್ದೇನೋ ಲೆಕ್ಕವಿಲ್ಲ. ನಮ್ಮೂರು ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ 42 ಅಡಿ ಗೊಮ್ಮಟನನ್ನು ನೋಡಿಕೊಂಡೇ ಬೆಳೆದವನು. ಆದರೂ ಒಂದು ನಿಜವಾದ ಬಳ್ಳಿ ಹೇಗೆ ಹತ್ತುತ್ತದೆ ಅಂತ ಕೂತು ನೋಡಿರಲಿಲ್ಲ. ನಾಚಿಕೆಯಾಯಿತು.

ಮಳೆ ಕಮ್ಮಿಯಾದ ಮೇಲೆ ನವರಂಗ ಬಂತು. ಚಳಿಗಾಲಕ್ಕೆ ಉತ್ತರದಿಂದ ಇಳಿಯುವ ಹಕ್ಕಿ. ಹಲಸಿನ ಮರದ ಕೆಳಗೆ ಒಣಗಿದ ಎಲೆ ಮಗುಚಿ ಮಗುಚಿ ಹುಳ ಹುಡುಕುತ್ತದೆ. ಅಷ್ಟೊಂದು ಬಣ್ಣ ಇದ್ದರೂ ನೆಲದ ಮೇಲೆ ಸುಮ್ನೆ ನಿಂತರೆ ಕಾಣುವುದೇ ಇಲ್ಲ. ಮುಸ್ಸಂಜೆ ಅದು ಸಿಳ್ಳೆ ಹಾಕಿದರೆ ನನ್ನ ಮಾತ್ರೆಯ ಹೊತ್ತು.

ಫೆಬ್ರವರಿಯಲ್ಲಿ ಶೆಡ್ಡಿನಲ್ಲಿ ನೇತಾಡುವ ಗ್ರೈಂಡರ್ ವೈರಿಗೇ ಸೂರಕ್ಕಿ ಗೂಡು ಕಟ್ಟಿತು. ಜೇಡರ ಬಲೆ, ನಾರು, ಮರದ ತೊಗಟೆಯ ಚೂರು, ಎಲ್ಲ ಹೆಣ್ಣೇ ತರುವುದು. ಗಂಡು ಜೊತೆಯಲ್ಲಿ ಹಾರಾಡಿಕೊಂಡು ಇರುತ್ತದೆ ಅಷ್ಟೇ. (ಇದನ್ನು ನೋಡಿ ನಮ್ಮ ಮನೆಯವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.) ಹುಡುಗ ಆ ಗ್ರೈಂಡರಿನ ಪ್ಲಗ್ ತೆಗೆದಿಟ್ಟು, ಮರಿಗಳು ಹಾರುವ ತನಕ ಕೈಯುಳಿಯಲ್ಲೇ ಕೆಲಸ ಮಾಡಿದ. ಬಾಕಿ ಇದ್ದ ಗಣಪತಿಯನ್ನು ಮುಗಿಸಿ ಕೊಟ್ಟವನೂ ಅವನೇ. ಸೊಂಡಿಲು ನನ್ನದಕ್ಕಿಂತ ಚೆನ್ನಾಗಿ ಬಂದಿದೆ. ಇದನ್ನು ಅವನ ಮುಂದೆ ಹೇಳಿಲ್ಲ, ಇಲ್ಲಿ ಓದಿಕೊಳ್ಳಲಿ.

ಸುರಗಿ ಹೂ ಬಿಡುವ ಹೊತ್ತಿಗೆ ದಿನಕ್ಕೆ ಎರಡು ಗಂಟೆ ಕೆಲಸಕ್ಕೆ ಡಾಕ್ಟರ್ ಒಪ್ಪಿದರು. ಮಾಸ್ಕ್ ಹಾಕಿ, ಕಲ್ಲಿಗೆ ನೀರು ಹೊಯ್ದುಕೊಂಡೇ ಕಡೆಯಬೇಕು. ಹಾಗೆ ಶುರುವಾದದ್ದು ಈ ಮರಿಗೆ. ಅಂಚಿಗೆ ಬಳ್ಳಿ ಕೆತ್ತಿದ್ದೇನೆ, ಎಲೆಯ ತುದಿ ಸುರುಳಿಯಾಗಿರುವಂಥದ್ದು. ಜೊತೆಗೆ ಒಂದು ಕಪ್ಪೆ.

ಹುಡುಗ ಹೋದ ತಿಂಗಳು ಊರಿಗೆ ಹೋದ, ಈಗ ಅವನದೇ ಶೆಡ್. ಇವತ್ತು ಬೆಳಿಗ್ಗೆ ಮಡಿವಾಳ ಹಕ್ಕಿಯೊಂದು ಮರಿಗೆಯಲ್ಲಿ ಮಿಂದು ರೆಕ್ಕೆ ಕೊಡವಿತು. ಫೋಟೋ ತೆಗೆದು ಕಳಿಸಿದೆ. ಬಿರುಕಿನಿಂದ ನೀರು ಒಸರಿ ಮಧ್ಯಾಹ್ನಕ್ಕೆ ಅರ್ಧ ಖಾಲಿ ಅಂತಲೂ ಹೇಳಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು.

"ಎಂ-ಸೀಲ್ ಹಚ್ರಿ ಅಣ್ಣಾರ. ಮಾಸ್ಕ್ ಹಾಕ್ಕೊಂಡು ಹಚ್ರಿ."