ಹಾಲ್‌ನ ಸಾವಿನ ಬಗ್ಗೆ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಅಮೆರಿಕದ ಧ್ರುವಪ್ರದೇಶದ ಅನ್ವೇಷಕ ಚಾರ್ಲ್ಸ್ ಫ್ರಾನ್ಸಿಸ್ ಹಾಲ್‌ನ ಕುರಿತು ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಸಿನ್ಸಿನಾಟಿಯಲ್ಲಿ ಮುದ್ರೆ ಕೊರೆದುಕೊಂಡು, ಪತ್ರಿಕೆ ನಡೆಸಿಕೊಂಡು ಇದ್ದವನು, ಹಡಗಿನ ವಿದ್ಯೆಯ ಗಂಧವೂ ಇಲ್ಲದೆ, ಉತ್ತರದ ಹಿಮಸಾಗರದಲ್ಲಿ ಕಾಣೆಯಾದ ಬ್ರಿಟಿಷ್ ನಾವಿಕ ಫ್ರಾಂಕ್ಲಿನ್‌ನ ತಂಡವನ್ನು ಹುಡುಕಲು 1860ರಲ್ಲಿ ಉತ್ತರಕ್ಕೆ ಹೊರಟದ್ದನ್ನೂ, ಟುಕುಲಿಟೊ ಮತ್ತು ಎಬಿಯರ್‌ಬಿಂಗ್ ಎಂಬ ಇನುಯಿಟ್ (ಧ್ರುವಪ್ರದೇಶದ ಮೂಲನಿವಾಸಿ) ದಂಪತಿಗಳ ಒಡನಾಟದಲ್ಲಿ ಆ ಜನರ ಊಟ, ಉಡುಪು, ಹಿಮದ ಮನೆಯ ಬಾಳನ್ನು ಕಲಿತದ್ದನ್ನೂ ಮನಮುಟ್ಟುವಂತೆ ಬರೆದಿದ್ದೀಯ. ಆದರೆ ಕೊನೆಯ ಪುಟದಲ್ಲಿ, ಹಾಲ್ ಕೊನೆಯ ಸಲ ಹೊರಟ ಹಡಗಿನ ವೈದ್ಯ ಎಮಿಲ್ ಬೆಸೆಲ್ಸ್‌ನನ್ನು 'ಕೊಲೆಗಾರ' ಎಂದುಬಿಟ್ಟಿದ್ದೀಯ. ಆ ಪದವನ್ನು ತೆಗೆದುಹಾಕೆಂದು ಹೇಳುವುದಕ್ಕೇ ಈ ಕಾಗದ.

ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ಮೂವತ್ತು ವರ್ಷ ಕಡತ ನೋಡಿದವನ ಕಣ್ಣಿಗೆ ಈ ಪ್ರಕರಣದಲ್ಲಿ ಕಾಣುವುದಿಷ್ಟು. 1871ರ ಅಕ್ಟೋಬರ್ 24ರಂದು ಸ್ಲೆಡ್ಜ್ ಪ್ರಯಾಣ ಮುಗಿಸಿ, ಗ್ರೀನ್‌ಲ್ಯಾಂಡಿನ ಕರಾವಳಿಯಲ್ಲಿ ಚಳಿಗಾಲ ಕಳೆಯಲು ನಿಂತಿದ್ದ ತನ್ನ ಉತ್ತರ ಧ್ರುವ ಯಾತ್ರೆಯ ಪೊಲಾರಿಸ್ ಹಡಗಿಗೆ ಮರಳಿದ ಹಾಲ್, ಒಂದು ಕಪ್ ಕಾಫಿ ಕುಡಿದು ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಂಡ. ತನಗೆ ವಿಷವಿಕ್ಕುತ್ತಿದ್ದಾರೆಂದು ಕನವರಿಸಿದ. ಕೆಲವು ದಿನ ಬೆಸೆಲ್ಸ್‌ನ ಔಷಧಿಯನ್ನು ಮುಟ್ಟದೆ ಕೊಂಚ ಚೇತರಿಸಿಕೊಂಡು, ಮತ್ತೆ ಕುಸಿದು, ನವೆಂಬರ್ 8ರಂದು ತೀರಿಕೊಂಡ. ಅಮೆರಿಕದ ನೌಕಾದಳದ ವಿಚಾರಣೆ ಅದನ್ನು ಸಹಜ ಸಾವೆಂದಿತು. 1968ರಲ್ಲಿ ಚಾನ್ಸಿ ಲೂಮಿಸ್ ಎಂಬ ಪ್ರಾಧ್ಯಾಪಕರು ಗೋರಿಯನ್ನು ತೆರೆಸಿದಾಗ, ಹೆಪ್ಪುಗಟ್ಟಿದ ನೆಲದಲ್ಲಿ ಬಾವುಟ ಸುತ್ತಿಕೊಂಡು ಮಲಗಿದ್ದ ದೇಹ ಬಹುಮಟ್ಟಿಗೆ ಉಳಿದೇ ಇತ್ತು. ಉಗುರನ್ನು ತುದಿಯಿಂದ ಬುಡದವರೆಗೆ ತುಂಡು ತುಂಡಾಗಿ ಪರೀಕ್ಷಿಸಿದರೆ, ಬುಡದ ಕಡೆಗೆ ಬಂದಂತೆಲ್ಲ ಆರ್ಸೆನಿಕ್ ಹೆಚ್ಚುತ್ತ ಹೋಗಿತ್ತು. ಉಗುರು ಬೆಳೆಯುವುದು ಬುಡದಿಂದ. ಆದ್ದರಿಂದ ಕೊನೆಯ ಎರಡು ವಾರಗಳಲ್ಲಿ ಆ ವಿಷ ಅವನ ಹೊಟ್ಟೆ ಸೇರಿದೆ.

ಉಗುರು ನುಡಿಯುವ ಸಾಕ್ಷ್ಯ ಅಷ್ಟೇ, ಮಗಳೇ. ಕೊಟ್ಟ ಕೈ ಯಾವುದೆಂದು ಅದು ಹೇಳುವುದಿಲ್ಲ. ಆಗ ಆರ್ಸೆನಿಕ್ ಔಷಧಿಯಾಗಿಯೂ ಬಳಕೆಯಲ್ಲಿತ್ತು. ವೈದ್ಯನನ್ನು ನಂಬದೆ ಹೋದ ರೋಗಿ ತಾನೇ ನುಂಗಿರಲಾರನೆಂದು ಹೇಗೆ ಹೇಳುತ್ತೀಯ? ನನಗೂ ಬೆಸೆಲ್ಸ್‌ನ ಮೇಲೆ ಅನುಮಾನವಿದೆ, ಬಲವಾಗಿಯೇ ಇದೆ. ಆದರೆ ಅನುಮಾನವನ್ನು ಅನುಮಾನವೆಂದೇ ಬರೆ. ಉತ್ತರ ಕೊಡಲು ಅವನು ಇಂದು ಬದುಕಿಲ್ಲ.

ಇನ್ನೊಂದು ಮಾತು. ಹಾಲ್‌ನ ಹಾಸಿಗೆಯ ಬಳಿಯಿದ್ದ ಟುಕುಲಿಟೊ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದಾಳೆ. ನಿನ್ನ ಲೇಖನದಲ್ಲಿ ಅದಿಲ್ಲ. ಅದನ್ನು ಹುಡುಕಿ ಓದಿ, ಕೊನೆಯ ಪುಟವನ್ನು ಮತ್ತೆ ಬರೆದು ದೀಪಾವಳಿಗೆ ಬರುವಾಗ ತೆಗೆದುಕೊಂಡು ಬಾ.

ಇತಿ ನಿನ್ನ ಶ್ರೇಯೋಭಿಲಾಷಿ,
ದೊಡ್ಡಪ್ಪ