ಬಳಸಿದ ಸೈಕಲ್ ಫ್ರೇಮಿನಲ್ಲಿ ಮುಚ್ಚಿಟ್ಟ ಬಿರುಕಿನ ಬಗ್ಗೆ ದೂರು

ಭೋಸರಿ, ಪುಣೆ
ಅಕ್ಟೋಬರ್ 13, 2025

ಗೆ,
ಗ್ರಾಹಕ ದೂರು ಪರಿಹಾರ ಅಧಿಕಾರಿಗಳು,
ಬಳಸಿದ ಸೈಕಲ್ ಮತ್ತು ಬಿಡಿಭಾಗಗಳ ಆನ್‌ಲೈನ್ ಮಾರಾಟ ಸಂಸ್ಥೆ,
ಬೆಂಗಳೂರು

ವಿಷಯ: ‘ಪರೀಕ್ಷಿಸಿದ್ದು’ ಎಂದು ಮಾರಿದ ಅಲ್ಯೂಮಿನಿಯಂ ಫ್ರೇಮಿನಲ್ಲಿ ಪುಟ್ಟಿ, ಬಣ್ಣ ಮತ್ತು ಸ್ಟಿಕ್ಕರ್ ಕೆಳಗೆ ಬಿರುಕು ಇರುವುದು, ಹಣ ವಾಪಸಾತಿ ಹಾಗೂ ಫ್ರೇಮಿನ ಮರುಮಾರಾಟ ತಡೆ ಕುರಿತು.

ಮಾನ್ಯರೇ,

ತಮ್ಮ ಸಂಸ್ಥೆಯಿಂದ ಆಗಸ್ಟ್ 9ರಂದು ನಾನು ಆನ್‌ಲೈನ್‌ನಲ್ಲಿ ಕೊಂಡ 54 ಸೈಜಿನ ರೋಡ್ ಬೈಕ್ ಫ್ರೇಮಿನಲ್ಲಿ, ಹೆಡ್ ಟ್ಯೂಬಿಗೆ (ಹ್ಯಾಂಡಲಿನ ಕೆಳಗಿನ ಮುಂದಿನ ಕೊಳವೆ) ಡೌನ್ ಟ್ಯೂಬ್ (ಅಲ್ಲಿಂದ ಪೆಡಲಿನತ್ತ ಇಳಿಯುವ ಕೊಳವೆ) ಕೂಡುವ ಬೆಸುಗೆಯ ಅಂಚಿಗೆ 18 ಮಿಲಿಮೀಟರ್ ಉದ್ದದ ಬಿರುಕಿದೆ. ಆ ಜಾಗಕ್ಕೆ ಪುಟ್ಟಿ ತುಂಬಿ, ಪುಟ್ಟಿಯ ಮೇಲೆ ಬಣ್ಣ ಹೊಡೆದು, ಬಣ್ಣದ ಮೇಲೆ ಸ್ಟಿಕ್ಕರ್ ಅಂಟಿಸಲಾಗಿದೆ. ಸೆಪ್ಟೆಂಬರ್ 25ರಂದು ನಾನು ಕೊಟ್ಟ ದೂರಿಗೆ ತಮ್ಮ ಗ್ರಾಹಕ ಸೇವಾ ವಿಭಾಗದವರು ಎರಡು ಬಾರಿ ಉತ್ತರ ಬರೆದು, ಎರಡು ಬಾರಿಯೂ ಹಣ ಹಿಂದಿರುಗಿಸಲು ಆಗುವುದಿಲ್ಲ ಎಂದಿದ್ದಾರೆ. ಆದ್ದರಿಂದ ತಮಗೇ ಬರೆಯುತ್ತಿದ್ದೇನೆ. ಜಾಹೀರಾತಿನ ಒಕ್ಕಣೆಯೂ ಫೋನಿನಲ್ಲಿ ನಡೆದ ಮಾತೂ ಕನ್ನಡದಲ್ಲೇ ಇದ್ದುದರಿಂದ ದೂರನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ನಾನು ಗದಗ ಜಿಲ್ಲೆಯವನು. ಹತ್ತೊಂಬತ್ತು ವರ್ಷಗಳಿಂದ ಪುಣೆಯಲ್ಲಿದ್ದು, ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಎಂಟುನೂರು ಕಿಲೋಮೀಟರಿಗೂ ದೂರದಿಂದ, ಕಣ್ಣಾರೆ ನೋಡದೆ ಒಂದು ಹಳೆಯ ಫ್ರೇಮ್ ತರಿಸುವುದು ಸುಲಭದ ನಿರ್ಧಾರವಾಗಿರಲಿಲ್ಲ. ತಮ್ಮ ಜಾಹೀರಾತಿನಲ್ಲಿ ‘ನುರಿತ ಮೆಕ್ಯಾನಿಕ್‌ಗಳಿಂದ 42 ಅಂಶಗಳ ತಪಾಸಣೆ’ ಎಂದು ಬರೆದಿದ್ದ ಒಂದೇ ಕಾರಣಕ್ಕೆ ನಾನು ಮುಂದುವರಿದೆ. ಹಣ ಕಟ್ಟುವ ಮುನ್ನ ಫೋನ್ ಮಾಡಿ, “ಇದಕ್ಕ ಎಲ್ಲರ ಏಟು ಬಿದ್ದದೇನ್ರಿ? ಡಿಕ್ಕಿ ಗಿಕ್ಕಿ ಆಗಿದ್ದರ ಈಗಲೇ ಹೇಳಿಬಿಡ್ರಿ” ಎಂದು ಕೇಳಿದೆ. “ಇಲ್ಲ ಸರ್, ಒಬ್ಬರೇ ಓನರ್, ಭಾನುವಾರ ಮಾತ್ರ ಓಡಿಸ್ತಿದ್ರು” ಎಂಬ ಉತ್ತರ ಬಂತು. ಆ ಉತ್ತರ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಳಿಕೊಟ್ಟಿದ್ದನ್ನು ಅವರು ಹೇಳಿರಬಹುದು.

ಫ್ರೇಮ್ ಆಗಸ್ಟ್ 14ರಂದು ಕೈಸೇರಿತು. ಸೀಟಿನ ಕೆಳಗಿನ ಕೊಳವೆಯಾದ ಸೀಟ್ ಟ್ಯೂಬಿನ ಮೇಲೆ ಗೀರುಗಳಿದ್ದವು, ಚೈನ್ ಬಡಿದು ಬಲಬದಿಯ ಬಣ್ಣ ಹಾರಿತ್ತು. ಇವೆಲ್ಲ ಜಾಹೀರಾತಿನ ಚಿತ್ರಗಳಲ್ಲೂ ಕಂಡಿದ್ದವು, ಹಳೆಯ ಸೈಕಲ್ಲಿಗೆ ಸಹಜವಾದವು, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಬಿಡಿಭಾಗ ಜೋಡಿಸುವುದಕ್ಕೆ ಪರಿಚಯದ ಸೈಕಲ್ ಅಂಗಡಿಗೆ ಒಯ್ದಾಗ ಗಣಪತಿ ಹಬ್ಬದ ಗಡಿಬಿಡಿ ಶುರುವಾಗಿತ್ತು. ಪುಣೆಯಲ್ಲಿ ಚೌತಿಯಿಂದ ಅನಂತ ಚತುರ್ದಶಿಯವರೆಗೆ, ಈ ವರ್ಷದ ಲೆಕ್ಕದಲ್ಲಿ ಆಗಸ್ಟ್ 27ರಿಂದ ಸೆಪ್ಟೆಂಬರ್ 6ರವರೆಗೆ, ಇಂಥ ಸಣ್ಣ ಕೆಲಸಗಳು ಮುಂದಕ್ಕೆ ಹೋಗುವುದು ಇಲ್ಲಿ ಬದುಕುವ ಎಲ್ಲರಿಗೂ ಗೊತ್ತು. ಹೀಗಾಗಿ ಸೈಕಲ್ ಪೂರ್ತಿಯಾಗಿ ಸಿದ್ಧವಾದದ್ದು ಸೆಪ್ಟೆಂಬರ್ ಎರಡನೆಯ ವಾರದಲ್ಲಿ. ತಮ್ಮವರು ಹಿಡಿದು ಕೂತಿರುವ ಏಳು ದಿನಗಳ ವಾಪಸಾತಿ ಅವಧಿ ಅಷ್ಟರಲ್ಲಿ ಮುಗಿದಿತ್ತು.

ಸೆಪ್ಟೆಂಬರ್ 14ರ ಭಾನುವಾರ ಖಡಕ್‌ವಾಸ್ಲಾಕ್ಕೆ ಹೋಗಿಬಂದೆ. ಎದ್ದು ನಿಂತು ಪೆಡಲ್ ತುಳಿದಾಗಲೆಲ್ಲ ಮುಂಭಾಗದಿಂದ ಕಿರ್ರೆಂಬ ಸದ್ದು ಬರುತ್ತಿತ್ತು. ಹೊಸದಾಗಿ ಕೂರಿಸಿದ ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಹೆಡ್ ಟ್ಯೂಬಿನಲ್ಲಿರುವ ಬೇರಿಂಗ್) ಇನ್ನೂ ಹೊಂದಿಕೊಂಡಿಲ್ಲವೆಂದು ಭಾವಿಸಿ ಗ್ರೀಸ್ ಹಾಕಿ ಬಿಗಿಮಾಡಿದೆ. ಮುಂದಿನ ಭಾನುವಾರ, 21ರಂದು, ನಮ್ಮ ಕಾರ್ಖಾನೆಯ ನಾಲ್ವರು ಬೋಪದೇವ್ ಘಾಟಿಗೆ ಹೋದೆವು. ಬೆಳಗಾವಿ ಕಡೆಯ ಸಹೋದ್ಯೋಗಿಯೊಬ್ಬರ ಹದಿನೇಳು ವರ್ಷದ ಮಗನೂ ಜೊತೆಗಿದ್ದ. ಘಾಟಿನ ತುದಿಯಲ್ಲಿ ಚಹಾ ಕುಡಿಯುವಾಗ ಆ ಹುಡುಗ, “ಕಾಕಾ, ಇಳಿಯೋವಾಗ ನಿಮ್ಮ ಗಾಡಿ ನಾ ಹೊಡಿಲ್ಯಾ?” ಎಂದು ಕೇಳಿದ. ನಾನು ಒಪ್ಪಿಕೊಟ್ಟೆ. ಅವನು ಆ ಇಳಿಜಾರನ್ನೂ ತಿರುವುಗಳನ್ನೂ ಇದೇ ಫ್ರೇಮಿನ ಮೇಲೆ ಕುಳಿತು, ಪೂರ್ತಿ ವೇಗದಲ್ಲಿ ಇಳಿದ. ಕೆಳಗೆ ಬಂದು ಸೈಕಲ್ ಮರಳಿ ಕೊಡುತ್ತಾ, “ಮುಂದ ಏನೋ ಸಡ್ಲ ಅನಸ್ತದ ಕಾಕಾ” ಎಂದ. ಅವನಿಗೆ ಏನೂ ಆಗಲಿಲ್ಲ. ಆದರೆ ಮೂರು ದಿನಗಳ ನಂತರ ನನ್ನ ಕಣ್ಣಿಗೆ ಬಿದ್ದದ್ದನ್ನು ನೆನೆದರೆ, ಅವನನ್ನು ಅದರ ಮೇಲೆ ಕೂರಿಸಿದವನು ನಾನೇ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಸೆಪ್ಟೆಂಬರ್ 24ರಂದು, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಫ್ರೇಮನ್ನು ನಮ್ಮ ತಪಾಸಣೆ ಕೋಣೆಗೆ ಒಯ್ದೆ. ಮೊದಲು ದಾರದ ಪರೀಕ್ಷೆ ಮಾಡಿದೆ: ಹಿಂಗಾಲಿಯ ಒಂದು ಡ್ರಾಪ್‌ಔಟಿನಿಂದ (ಗಾಲಿಯ ಅಚ್ಚು ಕೂರುವ ಸೀಳು) ಬಿಗಿಯಾಗಿ ಎಳೆದ ದಾರವನ್ನು ಹೆಡ್ ಟ್ಯೂಬಿಗೆ ಸುತ್ತಿಸಿ ಇನ್ನೊಂದು ಡ್ರಾಪ್‌ಔಟಿಗೆ ಕಟ್ಟಿ, ಸೀಟ್ ಟ್ಯೂಬಿಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಬದಿಯಲ್ಲಿ ಅಳೆಯುವುದು. ನೆಟ್ಟಗಿರುವ ಫ್ರೇಮಿನಲ್ಲಿ ಎರಡೂ ಒಂದೇ ಬರಬೇಕು. ಇಲ್ಲಿ ಎಡಕ್ಕೆ 31 ಮಿಲಿಮೀಟರ್, ಬಲಕ್ಕೆ 28 ಬಂತು. ಅನಂತರ ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದೆ. ಫ್ರೇಮಿನ ಬೇರೆಲ್ಲ ಕಡೆ 90ರಿಂದ 110 ಮೈಕ್ರಾನ್ ತೋರಿಸಿದ ಮೀಟರ್, ಡೌನ್ ಟ್ಯೂಬಿನ ಕೆಳಮೈಯಲ್ಲಿ, ಹೆಡ್ ಟ್ಯೂಬಿನ ಹಿಂದೆಯೇ ಅಂಟಿಸಿದ್ದ ಕಪ್ಪು ಸ್ಟಿಕ್ಕರ್ ಬಳಿ ಬಂದೊಡನೆ 700 ದಾಟಿತು. ಬರೀ ಸ್ಟಿಕ್ಕರಿಗೆ ಅಷ್ಟು ದಪ್ಪವಿರುವುದಿಲ್ಲ.

ಬಿಸಿಗಾಳಿ ಹಾಯಿಸಿ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದಾಗ, ಕೆಳಗಿನ ಬಣ್ಣ ಸುತ್ತಲಿನದಕ್ಕಿಂತ ಒಂದು ಛಾಯೆ ಮಂಕಾಗಿತ್ತು. ಹೆಬ್ಬೆರಳು ಆಡಿಸಿದರೆ ಮೆತ್ತನೆಯ ಉಬ್ಬು ತಗಲುತ್ತಿತ್ತು. ಉಬ್ಬಿನ ಅರ್ಧಭಾಗದ ಬಣ್ಣ ತೆಗೆದೆ. ಬೂದುಬಣ್ಣದ ಪುಟ್ಟಿ ಪುಡಿಪುಡಿಯಾಗಿ ಉದುರಿತು, ಅದರಡಿಯಲ್ಲಿ ಕೊಳವೆ ಸುಕ್ಕುಗಟ್ಟಿತ್ತು. ಲೋಹವನ್ನು ಒರೆಸಿ ಸ್ವಚ್ಛಗೊಳಿಸಿ, ಬಿರುಕು ಪತ್ತೆಗೆಂದು ನಾವು ದಿನವೂ ಬಳಸುವ ಕೆಂಪು ದ್ರಾವಣ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ, ಬಿರುಕಿನೊಳಗೆ ಉಳಿದ ಕೆಂಪನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರನ್ನು ಮೇಲೆ ಹೊಡೆದು ಕಾದೆ. ಬಿಳಿಯ ಮೇಲೆ, ಬೆಸುಗೆಯ ಅಂಚಿಗೇ ಅಂಟಿಕೊಂಡು, ಕುಂಕುಮದಲ್ಲಿ ಎಳೆದಂತೆ ಒಂದು ಸಣ್ಣ ಗೆರೆ ಒಡಮೂಡಿತು. ದಿನಕ್ಕೆ ನೂರಾರು ಭಾಗಗಳ ಮೇಲೆ ಆ ಗೆರೆಯನ್ನು ಹುಡುಕುವುದೇ ನನ್ನ ಕೆಲಸ. ಅದನ್ನು ನಾನೇ ತುಳಿದ ಸೈಕಲ್ಲಿನ ಮೇಲೆ ಕಂಡಾಗ ಕೈ ನಡುಗಿತು. ಆರಂಭದಿಂದ ಕೊನೆಯವರೆಗೆ ಎಲ್ಲಿಯೂ ಕತ್ತರಿಸದ ವಿಡಿಯೊ ಇದೆ. ತಮ್ಮ ಪರಿಶೀಲನೆಗೆಂದೇ ಉಳಿದರ್ಧ ಪುಟ್ಟಿಯನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದೇನೆ.

ಇದು ಎದುರಿನಿಂದ ಬಿದ್ದ ಏಟಿನ ಗುರುತು. ಮುಂಗಾಲಿ ಯಾವುದಕ್ಕಾದರೂ ಡಿಕ್ಕಿ ಹೊಡೆದಾಗ ಅದನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್, ಹಿಂದಕ್ಕೆ ಒತ್ತುತ್ತದೆ, ಹೆಡ್ ಟ್ಯೂಬಿನ ಕೆಳತುದಿ ಹಿಂದೆ ಸರಿಯಲು ಹವಣಿಸುತ್ತದೆ, ಆ ಒತ್ತಡವೆಲ್ಲ ಡೌನ್ ಟ್ಯೂಬಿನ ತಲೆಯ ಮೇಲೆ ಬೀಳುತ್ತದೆ. ತೂಕ ಉಳಿಸಲು ಇಂಥ ಕೊಳವೆಗಳ ಗೋಡೆಯನ್ನು ತುದಿಗಳಲ್ಲಿ ದಪ್ಪ, ನಡುವೆ ತೆಳು ಮಾಡಿರುತ್ತಾರೆ. ದಪ್ಪ ಮುಗಿದು ತೆಳು ಶುರುವಾಗುವಲ್ಲಿ ಸುಕ್ಕು ಬೀಳುತ್ತದೆ. ಬಳಸಿದ ಫ್ರೇಮ್ ಕೈಗೆ ಬಂದರೆ ತಿಳಿದ ಮೆಕ್ಯಾನಿಕ್ ಮೊದಲು ಬೆರಳಾಡಿಸುವ ಜಾಗ ಅದೇ. ಅಲ್ಯೂಮಿನಿಯಂನಲ್ಲಿ ಇದು ಇನ್ನಷ್ಟು ಅಪಾಯಕರ. ಉಕ್ಕಿಗಾದರೆ ಒಂದು ಮಿತಿಯೊಳಗಿನ ಹೊರೆಯನ್ನು ಎಷ್ಟು ಸಲ ಬಂದರೂ ತಾಳಿಕೊಳ್ಳುವ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಶುರುವಾದ ಬಿರುಕು ರಸ್ತೆಯ ಒಂದೊಂದು ಗುಂಡಿಗೂ ಕೂದಲೆಳೆಯಷ್ಟು ಬೆಳೆದು, ಒಂದು ದಿನ ಮುನ್ಸೂಚನೆಯಿಲ್ಲದೆ ಕೊಳವೆಯನ್ನು ಬೇರ್ಪಡಿಸುತ್ತದೆ.

ತಮ್ಮವರ ಮೊದಲ ಉತ್ತರ, ‘ಹಳೆಯ ವಸ್ತು, ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂಬುದು. ಇದ್ದ ಸ್ಥಿತಿಯನ್ನು ತೋರಿಸಿ ಮಾರಿದ್ದರೆ ಈ ಮಾತನ್ನು ಒಪ್ಪುತ್ತಿದ್ದೆ. ಜಾಹೀರಾತಿನ ಹನ್ನೊಂದು ಚಿತ್ರಗಳಲ್ಲಿ ಒಂದರಲ್ಲೂ ಡೌನ್ ಟ್ಯೂಬಿನ ಕೆಳಮೈ ಕಾಣುವುದಿಲ್ಲ. ಫ್ರೇಮಿನ ಜೊತೆ ಬಂದ ತಪಾಸಣೆ ಕಾರ್ಡಿನಲ್ಲಿ ‘ಹೆಡ್ ಟ್ಯೂಬ್ ಬೆಸುಗೆಗಳು’ ಎಂಬ ಸಾಲಿನೆದುರು ‘ಸರಿ’ ಎಂದು ಗುರುತು ಹಾಕಲಾಗಿದೆ, ಆದರೆ ನೋಡಿದವರ ಹೆಸರಾಗಲಿ ಸಹಿಯಾಗಲಿ ತಾರೀಕಾಗಲಿ ಇಲ್ಲ. ನಾನು ಕೆಲಸ ಮಾಡುವಲ್ಲಿ ಸಹಿಯಿಲ್ಲದ ತಪಾಸಣೆ ಹಾಳೆಯ ಮೇಲೆ ಒಂದು ಬೋಲ್ಟನ್ನೂ ಹೊರಗೆ ಕಳಿಸುವುದಿಲ್ಲ. ಸ್ಟಿಕ್ಕರ್ ಅಂಟಿಸಿದವರು ತಾವೋ ಹಿಂದಿನ ಮಾಲೀಕರೋ ನಾನು ಹೇಳಲಾರೆ, ತಾವೇ ಅಂಟಿಸಿದಿರಿ ಎಂದು ಆರೋಪಿಸುವುದೂ ಇಲ್ಲ. ಆದರೆ ಪರೀಕ್ಷಿಸಿದ್ದೇವೆ ಎಂದು ಹೇಳಿ ಹಣ ಪಡೆದವರು ತಾವು. ಆ ಮಾತಿನ ಹೊಣೆ ಹಿಂದಿನ ಮಾಲೀಕರ ಮೇಲೆ ಹೋಗುವುದಿಲ್ಲ.

ಏಳು ದಿನಗಳ ಅವಧಿಯ ಮಾತೂ ಇಲ್ಲಿ ನಿಲ್ಲುವುದಿಲ್ಲ. ಸೈಜ್ ಹೊಂದದಿದ್ದರೆ, ಬಣ್ಣ ಹಿಡಿಸದಿದ್ದರೆ ಏಳು ದಿನ ಸಾಕು. ಕಾಣದಂತೆ ಮುಚ್ಚಿಟ್ಟಿದ್ದನ್ನು ಏಳು ದಿನದೊಳಗೆ ಕಂಡುಹಿಡಿಯಬೇಕು ಎಂದರೆ, ಮುಚ್ಚಿದ್ದು ಎಂಟು ದಿನ ಬಾಳಿದರೆ ಸಾಕು ಎಂದಂತಾಗುತ್ತದೆ. ಎರಡನೆಯ ಉತ್ತರದಲ್ಲಿ, ಅಕ್ಟೋಬರ್ 6ರಂದು, ಹಾನಿ ನನ್ನ ಸವಾರಿಯಿಂದಲೇ ಆಗಿರಬಹುದು ಎಂದಿದ್ದಾರೆ. ಸುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ, ಬಣ್ಣದ ಮೇಲೆ ಸ್ಟಿಕ್ಕರ್ ಇರುವಾಗ ಯಾವುದು ಮೊದಲಾಯಿತು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ನಾನು ಪೆಟ್ಟಿಗೆ ಬಿಚ್ಚಿದ ದಿನ ತೆಗೆದ ಚಿತ್ರದಲ್ಲಿ ಅದೇ ಸ್ಟಿಕ್ಕರ್ ಅದೇ ಜಾಗದಲ್ಲಿದೆ. ಈ ಸೈಕಲ್ ನನ್ನ ಬಳಿ ಓಡಿದ್ದು ಒಟ್ಟು 186 ಕಿಲೋಮೀಟರ್, ಎಲ್ಲಿಯೂ ಬಿದ್ದಿಲ್ಲ.

ಬೆಸುಗೆ ಹಾಕಿಸಿಕೊಂಡರೆ ಖರ್ಚಿನ ಅರ್ಧ ಭರಿಸುತ್ತೇವೆ ಎಂಬ ತಮ್ಮವರ ಸಲಹೆಯನ್ನು ನಾನು ಒಪ್ಪಲಾರೆ. ಶಾಖೋಪಚಾರದಿಂದ ಬಲ ಪಡೆದ ಅಲ್ಯೂಮಿನಿಯಂ ಮಿಶ್ರಲೋಹ ಬೆಸುಗೆಯ ಬಿಸಿಗೆ ಅಕ್ಕಪಕ್ಕದಲ್ಲೆಲ್ಲ ಮೆದುವಾಗುತ್ತದೆ. ಕಳೆದ ಬಲ ಮರಳಬೇಕಾದರೆ ಇಡೀ ಫ್ರೇಮನ್ನು ಮತ್ತೆ ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಹದ ಮಾಡಬೇಕು. ರಸ್ತೆಬದಿಯ ಆರ್ಗಾನ್ ವೆಲ್ಡಿಂಗ್ ಅಂಗಡಿಯಲ್ಲಿ ಅದು ಆಗುವ ಕೆಲಸವಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ತಲುಪಿದ ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ನನ್ನ ದೂರಿಗೆ ಆ ಗಡುವು ಅಕ್ಟೋಬರ್ 25. ದೋಷವಿರುವ ಅಥವಾ ಜಾಹೀರಾತಿನಂತೆ ಇಲ್ಲದ ವಸ್ತುವನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದೂ ಅವೇ ನಿಯಮಗಳು ಹೇಳುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸಿಸುವ ಊರಿನಲ್ಲೇ, ಅಂದರೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ದೂರು ದಾಖಲಿಸಲು ಅವಕಾಶವಿದೆ. ಅಲ್ಲಿಗೆ ಹೋಗದೆ ಇದು ಬಗೆಹರಿಯಲಿ ಎಂಬುದೇ ನನ್ನ ಬಯಕೆ; 25ರೊಳಗೆ ಬಗೆಹರಿಯದಿದ್ದರೆ ಹೋಗುತ್ತೇನೆ.

ನಾನು ಕೇಳುತ್ತಿರುವುದು ಫ್ರೇಮಿನ ಬೆಲೆ 16,500 ರೂಪಾಯಿ, ಸಾಗಣೆಯ 900 ರೂಪಾಯಿ ಮತ್ತು ಇಲ್ಲಿ ಜೋಡಿಸಲು ಕೊಟ್ಟ ಕೂಲಿ 1,200 ರೂಪಾಯಿ, ಒಟ್ಟು 18,600 ರೂಪಾಯಿ. ಮನಸ್ಸಿಗಾದ ನೋವಿಗೆಂದು ಇದರ ಮೇಲೆ ಒಂದು ರೂಪಾಯಿಯನ್ನೂ ಸೇರಿಸಿಲ್ಲ. ಬಿಲ್ಲುಗಳು, ಕಾರ್ಡಿನ ಪ್ರತಿ, ಚಿತ್ರಗಳು ಮತ್ತು ವಿಡಿಯೊ ಈ ಪತ್ರದ ಜೊತೆಗಿವೆ. ಇದೇ ಹಿಂದಿನ ಮಾಲೀಕರಿಂದ ಅಥವಾ ಇದೇ ತಂಡದ ತಪಾಸಣೆಯಿಂದ ಹೊರಬಿದ್ದ ಬೇರೆ ಫ್ರೇಮುಗಳಿದ್ದರೆ ಅವುಗಳನ್ನು ಕೊಂಡವರಿಗೆ ದಯವಿಟ್ಟು ಈಗಲೇ ತಿಳಿಸಿ, ಡೌನ್ ಟ್ಯೂಬಿನ ಕೆಳಮೈ ನೋಡಿಕೊಳ್ಳಲು ಹೇಳಿ.

ಕೊನೆಯದಾಗಿ ಫ್ರೇಮಿನ ವಿಷಯ. ಹಣ ಮರಳಿಸಿದ ಮೇಲೆ ಅದು ತಮ್ಮದು, ನಾನು ಇಟ್ಟುಕೊಳ್ಳುವುದಿಲ್ಲ. ಆದರೆ ಅದು ಮತ್ತೆ ಪುಟ್ಟಿ, ಬಣ್ಣ, ಸ್ಟಿಕ್ಕರ್ ಹಚ್ಚಿಕೊಂಡು ಇನ್ನೊಬ್ಬರ ಮನೆಗೆ ಹೋಗಲು ನಾನು ಬಿಡಲಾರೆ. ತಮ್ಮ ಪರಿಶೀಲನೆಗೆ ಬೇಕಾದರೆ ತಮ್ಮ ಪ್ರತಿನಿಧಿ ಭೋಸರಿಗೆ ಬಂದು, ಇಡೀ ಫ್ರೇಮನ್ನು ನನ್ನೆದುರಿಗೇ ನೋಡಲಿ, ಅಳೆಯಲಿ, ಚಿತ್ರ ತೆಗೆದುಕೊಳ್ಳಲಿ. ಹಾಗೆ ನೋಡಿ ತಾವು ಲಿಖಿತ ಒಪ್ಪಿಗೆ ಕೊಟ್ಟ ದಿನ, ಬಿರುಕಿರುವ ಭಾಗವನ್ನು ಬಿಟ್ಟು ಅದರ ಹಿಂದೆ, ಡೌನ್ ಟ್ಯೂಬ್ ಮತ್ತು ಅದರ ಮೇಲಿನ ಅಡ್ಡ ಕೊಳವೆಯಾದ ಟಾಪ್ ಟ್ಯೂಬ್ ಎರಡನ್ನೂ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ, ಎರಡು ತುಂಡುಗಳನ್ನೂ ತಮ್ಮ ಕೊರಿಯರಿನವರ ಕೈಗೆ ಕೊಡುತ್ತೇನೆ. ಅಲ್ಲಿಯವರೆಗೆ ಅದು ನಮ್ಮ ಮನೆಯ ಅಟ್ಟದ ಮೇಲೆ, ‘ಬಳಸಬಾರದು’ ಎಂದು ಕೆಂಪಕ್ಷರದಲ್ಲಿ ಬರೆದ ಚೀಟಿ ಕಟ್ಟಿಕೊಂಡು ಇರುತ್ತದೆ.

ಇಂತಿ ತಮ್ಮ ಗ್ರಾಹಕ,
(ಸಹಿ)