ರಾತ್ರಿ ರೈಲಿನ ಅಕ್ಕಂದಿರಿಗೆ

ಸ್ತನ ಕ್ಯಾನ್ಸರ್ ಮರುಕಳಿಸದಿರಲಿ ಅಂತ ನುಂಗುತ್ತಿದ್ದ ಲೆಟ್ರೋಜೋಲ್ ಮಾತ್ರೆಯನ್ನು ಹೋದ ತಿಂಗಳು ಡಾಕ್ಟರು ನಿಲ್ಲಿಸಿ ಅಂದರು. ಐದು ವರ್ಷ ಪೂರೈಸಿತು, ಇನ್ನು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿ ಬಂದು ತೋರಿಸಿದರೆ ಸಾಕು ಅಂತ ಫೈಲಿನಲ್ಲಿ ಬರೆದುಕೊಟ್ಟರು. ಮನೆಯಲ್ಲಿ ಪಾಯಸ ಆಯಿತು. ಮಗ ಮೊಬೈಲಿನಲ್ಲಿ “ಅಮ್ಮ ಕ್ಯಾನ್ಸರ್ ಗೆದ್ದಳು” ಅಂತ ಸ್ಟೇಟಸ್ ಹಾಕಿದ. ನೆಂಟರಿಷ್ಟರು ಫೋನು ಮಾಡಿ ನನ್ನ ಧೈರ್ಯವನ್ನು ಹೊಗಳಿದರು. ನನಗೆ ಅಷ್ಟೆಲ್ಲ ಧೈರ್ಯ ಇತ್ತೋ ಇಲ್ಲವೋ, ನನ್ನ ಜೊತೆ ಯಾರಿದ್ದರು ಅನ್ನುವುದಂತೂ ಗೊತ್ತು. ಅವರಿಗೆ ನಾಲ್ಕು ಜನರ ಎದುರು ಕೈಮುಗಿಯೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಸರು ಹಾಕುವಂತಿಲ್ಲ. ಒಬ್ಬರ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ, “ಅಜ್ಜಿಗೆ ಆ ಕಾಯಿಲೆ ಇತ್ತಂತೆ” ಅಂತ ಯಾರಾದರೂ ಎತ್ತಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಇನ್ನೊಬ್ಬರ ಬೀಗರಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ. ಈ ಕಾಲದಲ್ಲೂ ಹೀಗಾ ಅಂತ ಕೇಳಬೇಡಿ, ಹೀಗೇ. ಅದಕ್ಕೆ ಊರಿನ ಹೆಸರಿನಿಂದಲೇ ಕರೆಯುತ್ತೇನೆ, ನನ್ನ ಮೊಬೈಲಿನಲ್ಲೂ ಹಾಗೇ ಸೇವ್ ಆಗಿವೆ: ತರೀಕೆರೆ ಅಕ್ಕ, ಬೀರೂರು ಅಕ್ಕ, ಕಡೂರು ಟೀಚರು, ಅರಸೀಕೆರೆ ಟೈಲರಮ್ಮ. ನಾನು ಭದ್ರಾವತಿಯವಳು, ಅಂಚೆ ಕಚೇರಿಯಲ್ಲಿದ್ದು ರಿಟೈರ್ ಆದವಳು. ತಾಳಗುಪ್ಪದಿಂದ ಬರುವ ರಾತ್ರಿ ರೈಲು ಇದೇ ಸಾಲಿನಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ಹತ್ತಿಸಿಕೊಂಡು ಬೆಳಗಿನ ಜಾವಕ್ಕೆ ಬೆಂಗಳೂರಿಗೆ ತಂದು ಇಳಿಸುತ್ತದೆ.

ಚಿಕಿತ್ಸೆಯ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಕೀಮೋ ನಡೆಯಿತು. ಮಗ ಪಾಸು ಮಾಡಿಸಿ ಕಾರಿನಲ್ಲಿ ಕರೆದೊಯ್ದ, ಸೊಸೆ ಗಂಜಿ ಕುಡಿಸಿದಳು, ತಂಗಿ ತನ್ನ ಮನೆ ಬಿಟ್ಟು ಬಂದು ನಿಂತಳು. ಅವರ ಋಣ ಮನೆಯೊಳಗೇ ತೀರಿಸಬೇಕಾದದ್ದು. ಆದರೆ ಕರೆಂಟು ಕೊಡುವುದೆಲ್ಲ ಮುಗಿದು (ರೇಡಿಯೇಶನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು) ತಲೆಯಲ್ಲಿ ಕೂದಲು ಚಿಗುರಿದ ಮೇಲೆ ಎಲ್ಲರ ಪಾಲಿಗೂ ನಾನು ವಾಸಿಯಾದವಳು. ತಪ್ಪೇನಿಲ್ಲ, ಅವರಿಗೂ ಅವರ ಕೆಲಸಕಾರ್ಯ ಇದ್ದವು. ನನಗೆ ಮಾತ್ರ ಆಮೇಲೆಯೇ ಶುರುವಾಯಿತು. ದಿನಕ್ಕೊಂದು ಮಾತ್ರೆ. ಮೊದಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಚೆಕಪ್. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದಷ್ಟು ಗಂಟುನೋವು. ಆ ಮಾತ್ರೆ ಮೂಳೆಯನ್ನೂ ಸವೆಸುತ್ತದೆ, ಅದನ್ನು ನೋಡಲು ಡೆಕ್ಸಾ ಸ್ಕ್ಯಾನು, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಸ್ವಲ್ಪ ಕೆಮ್ಮು ಬಂದರೂ, ಸೊಂಟ ಹಿಡಿದುಕೊಂಡರೂ ಮತ್ತೆ ಅದೇ ಏನೋ ಅನ್ನುವ ಹೆದರಿಕೆ. ಇದನ್ನೆಲ್ಲ ಮನೆಯವರಿಗೆ ಹೇಳಿದರೆ ಅವರ ಮುಖ ಸಣ್ಣಗಾಗುತ್ತದೆ. ಹಾಗಾಗಿ ಹೇಳುತ್ತಿರಲಿಲ್ಲ.

1973ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಓಣಿಯಲ್ಲಿ ಯಾರಾದರೂ “ಕಿದ್ವಾಯಿಗೆ ಹೋಗಿದಾರಂತೆ” ಅಂದರೆ ಮುಂದೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಲ್ಲಿಯ ಬೆಂಚಿನ ಮೇಲೆ ಜನ ಇಷ್ಟು ಮಾತಾಡುತ್ತಾರೆ ಅನ್ನುವುದು ನನಗೆ ಹೋಗಿ ಕೂತ ಮೇಲೆ ತಿಳಿದದ್ದು. 2021ರ ಒಂದು ಚೆಕಪ್ಪಿನಲ್ಲಿ ಪಕ್ಕ ಕೂತ ಹೆಂಗಸು “ಯಾವ ಕಡೇದು?” ಅಂದರು. ಊರು ಕೇಳಿದರೇನೋ ಅಂತ “ಭದ್ರಾವತಿ ಕಡೆಯವಳು” ಅಂದೆ. “ಅಯ್ಯೋ ಅದಲ್ಲ ಮಾರಾಯ್ತಿ, ಎಡಗಡೇದೋ ಬಲಗಡೇದೋ?” ಅವರೇ ತರೀಕೆರೆ ಅಕ್ಕ. ಕಾಯಿಲೆ ಬಂದ ಮೇಲೆ ನಾನು ಬಾಯ್ತುಂಬ ನಕ್ಕದ್ದು ಅವತ್ತು.

ಎಲ್ಲರೂ ಒಂದೇ ದಿನಕ್ಕೆ ತಾರೀಖು ಕೇಳಿ ಹಾಕಿಸಿಕೊಳ್ಳೋಣ ಅನ್ನುವುದು ಟೀಚರ ಉಪಾಯ. ರೈಲಿನ ಕೆಲಸ ನನ್ನ ಪಾಲಿಗೆ ಬಂತು, ಜೀವಮಾನವೆಲ್ಲ ಊರವರ ಫಾರಂ ತುಂಬಿಕೊಟ್ಟವಳಲ್ಲವೇ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋದದ್ದು ಎಲ್ಲರಿಗೂ ಗೊತ್ತು. ಕ್ಯಾನ್ಸರ್ ರೋಗಿಗಳದ್ದು ನಿಂತಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗಷ್ಟೇ ಅಲ್ಲ, ಚೆಕಪ್ಪಿಗೆ ಹೋಗಿಬರಲೂ ಅದು ಸಿಗುತ್ತದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯವರು ಸಹಿ, ಸೀಲು ಹಾಕಿಕೊಟ್ಟ ಸರ್ಟಿಫಿಕೇಟನ್ನು ಕೌಂಟರಿನಲ್ಲಿ ಕೊಟ್ಟು ಟಿಕೆಟ್ ಮಾಡಿಸಬೇಕು. ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು ಕಡಿತ. ಕರೆದುಕೊಂಡು ಹೋಗುವವರಿಲ್ಲ ಅಂತ ತರೀಕೆರೆ ಅಕ್ಕ ಒಂದು ಚೆಕಪ್ಪನ್ನೇ ಬಿಟ್ಟಿದ್ದರು, ಆಮೇಲೆ ಬಿಡಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮೆಜೆಸ್ಟಿಕ್ಕಿನಿಂದ ಸಿಟಿ ಬಸ್ಸಿಗೂ ದುಡ್ಡಿಲ್ಲ. ಆಧಾರ್ ಕಾರ್ಡು ಹಿಡಿದುಕೊಂಡು ಸಾಲಾಗಿ ಹತ್ತುವ ಅಜ್ಜಿಯರ ಗುಂಪು ನೋಡಿ ಕಂಡಕ್ಟರೊಬ್ಬರು “ಯಾವ ದೇವಸ್ಥಾನಕ್ಕೆ ಅಮ್ಮಾ?” ಅಂತ ಕೇಳಿದ್ದೂ ಉಂಟು.

ರೈಲಿನಲ್ಲಿ ಕಾಯಿಲೆಯ ಮಾತು ಕಡಿಮೆ. ಮಂಡಿನೋವು, ಸೊಸೆಯಂದಿರು, ಗೃಹಲಕ್ಷ್ಮಿಯ ಎರಡು ಸಾವಿರ ಈ ತಿಂಗಳು ಬಂತಾ ಇಲ್ಲವಾ, ಅರಸೀಕೆರೆ ಕಡೆ ಕೊಬ್ಬರಿಗೆ ಏನು ರೇಟು, ಇವೇ ಸುದ್ದಿ. ಅರಸೀಕೆರೆ ಬರುವ ಹೊತ್ತಿಗೆ ಇಡೀ ಬೋಗಿ ಮಲಗಿರುತ್ತದೆ. ಟೈಲರಮ್ಮ ಹತ್ತಿದ ಕೂಡಲೇ ಪಿಸುಗುಟ್ಟಲು ಶುರು ಮಾಡಿದರೆ ಮೇಲಿನ ಬರ್ತಿನಿಂದ ಯಾರಾದರೂ “ಶ್” ಅನ್ನಲೇಬೇಕು. ಹಾಗೆ ಬೈಸಿಕೊಂಡೂ ಮಾತು ನಿಲ್ಲಿಸದ್ದಕ್ಕೆ ನಿಮಗೆಲ್ಲ ಒಂದು ನಮಸ್ಕಾರ. ಚೆಕಪ್ಪಿನ ಹಿಂದಿನ ರಾತ್ರಿ ಒಬ್ಬಳೇ ಮಲಗಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಿಮ್ಮ ಜೊತೆಗೂ ಬರಲಿಲ್ಲ ಬಿಡಿ, ಆದರೆ ಕಾರಣ ಬೇರೆ.

ಕಡೂರು ಟೀಚರಿಗೆ ಬೇರೆಯಾಗಿಯೇ ಹೇಳಬೇಕು. ನಮ್ಮೆಲ್ಲರ ಫೈಲಿನ ಮೊದಲ ಪುಟಕ್ಕೆ ಅವರು ಒಂದೊಂದು ಹಾಳೆ ಅಂಟಿಸಿದರು: ಯಾವ ಆಪರೇಶನ್, ಯಾವ ಕಡೆ, ಯಾವ ಮಾತ್ರೆ, ಯಾವುದು ಒಗ್ಗುವುದಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ “ಈ ಕೈಗೆ ಸೂಜಿ ಬೇಡ, ಬಿಪಿ ಪಟ್ಟಿ ಬೇಡ”. ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈ ಬಾವು ಬರುವ ಕೈ, ಅದನ್ನು ಕಾಪಾಡಿಕೊಳ್ಳಬೇಕು ಅಂತ ಡಾಕ್ಟರು ಹೇಳುತ್ತಾರೆ. ಆದರೆ ರಾಗಿ ಮುದ್ದೆ ತಿರುವುವುದು, ಕೊಡ ಎತ್ತುವುದು, ಅಡಿಕೆ ಸುಲಿಯುವುದು ಯಾವ ಕೈಯಲ್ಲಿ?

ಅಡಿಕೆ ಸುಲಿಯುವಾಗಲೇ ಆಯಿತು. ಸುಗ್ಗಿಯ ಕಾಲ, ತರೀಕೆರೆ ಅಕ್ಕನ ಬೆರಳಿಗೆ ಮೆಟ್ಟುಗತ್ತಿ ತಾಗಿ ಸಣ್ಣ ಗಾಯ. ಅರಿಶಿನ ಮೆತ್ತಿ ಕೆಲಸ ಮುಂದುವರಿಸಿದ್ದಾರೆ. ಮಾರನೆಯ ದಿನ ಸಂಜೆ ಟೀಚರಿಗೆ ಫೋನು ಮಾಡಿದ್ದು ಚೀಟಿ ದುಡ್ಡಿನ ವಿಷಯಕ್ಕೆ. ಮಾತಿನ ನಡುವೆ “ಕೈ ಯಾಕೋ ಭಾರ, ಮೈಯೆಲ್ಲ ಚಳಿ” ಅಂದರಂತೆ. ಟೀಚರು ಚೀಟಿ ಮಾತು ಅಲ್ಲೇ ಬಿಟ್ಟು, ಕೆಂಪಗಿದೆಯಾ, ಮುಟ್ಟಿದರೆ ಬಿಸಿ ಇದೆಯಾ, ಕೆಂಪು ಮೇಲಕ್ಕೆ ಏರುತ್ತಿದೆಯಾ ಅಂತ ಕೇಳಿದರು. ಮೂರಕ್ಕೂ ಹೌದು. “ಬೆಳಗ್ಗೆ ಹೋಗ್ತೀನಿ ಟೀಚರ್.” “ಈಗಲೇ ಹೊರಡಿ, ಮಗನಿಗೆ ಫೋನು ಕೊಡಿ.” ಗ್ರಂಥಿ ಇಲ್ಲದ ಕೈಯಲ್ಲಿ ಸೋಂಕು ಬೇಗ ಹರಡುತ್ತದೆ, ಅದಕ್ಕೆ ಆ ಆತುರ. ರಾತ್ರಿ ಸೇರಿಸಿಕೊಂಡ ಕಡೆ ಡ್ರಿಪ್ ಹಾಕಲು ಅದೇ ಕೈ ಚಾಚಲು ಹೇಳಿದಾಗ ಅಕ್ಕ ಫೈಲಿನ ಮೊದಲ ಪುಟ ತೆಗೆದು ಎದುರು ಹಿಡಿದರು. ಅವರಿಗೆ ಓದಲು ಬರುವುದಿಲ್ಲ, ಕೆಂಪು ಅಕ್ಷರ ಏನು ಹೇಳುತ್ತದೆ ಅನ್ನುವುದು ಬಾಯಿಪಾಠ. ಇನ್ನೊಂದು ಕೈಗೆ ಹಾಕಿದರು, ಔಷಧಿ ಹಿಡಿಯಿತು, ಕೈ ಉಳಿಯಿತು. ಕೈ ಬಾವು ಹತೋಟಿಯಲ್ಲಿಡಲು ಹಾಕಿಕೊಳ್ಳುವ ಬಿಗಿ ತೋಳು ಕೊಳ್ಳಲು ದುಡ್ಡು ಸಾಲದಿದ್ದಾಗ ಗೃಹಲಕ್ಷ್ಮಿ ದುಡ್ಡು ಹೊಂದಿಸಿ ಕೊಟ್ಟವರು ಇಬ್ಬರು. ಅವರು ತಮ್ಮ ವಿಷಯ ಬರೆಯಬೇಡ ಅಂದಿದ್ದಾರೆ, ಬರೆದಿದ್ದೇನೆ.

ನನ್ನ ಗಂಟುನೋವಿನ ವಿಷಯವನ್ನು ಡಾಕ್ಟರ ಹತ್ತಿರ ಎತ್ತಿದ್ದೂ ಟೀಚರೇ. ಎದುರು ಕೂತಾಗ ನಾನು “ಎಲ್ಲ ಚೆನ್ನಾಗಿದೆ ಡಾಕ್ಟ್ರೇ” ಅನ್ನುವ ಜಾತಿ. ಬಾಗಿಲಲ್ಲಿ ನಿಂತಿದ್ದ ಅವರು “ಚೆನ್ನಾಗಿಲ್ಲ ಡಾಕ್ಟ್ರೇ, ಬೆಳಗ್ಗೆ ಲೋಟ ಹಿಡಿಯೋಕಾಗಲ್ಲ ಇವರಿಗೆ” ಅಂದುಬಿಟ್ಟರು. ಈ ಮಾತ್ರೆ ನುಂಗುವವರಲ್ಲಿ ಬಹಳ ಜನಕ್ಕೆ ಹೀಗಾಗುತ್ತದೆ, ನಡೆದಾಡಿದಷ್ಟೂ ಸಡಿಲವಾಗುತ್ತದೆ, ತಡೆಯಲಾಗದಿದ್ದರೆ ಅದೇ ಬಗೆಯ ಬೇರೆ ಮಾತ್ರೆ ಇದೆ ಅಂತ ಡಾಕ್ಟರು ವಿವರಿಸಿದರು. ಅವತ್ತಿನಿಂದ ಬೆಳಗ್ಗೆ ಆರಕ್ಕೆ ನನ್ನ ಫೋನು ಬಡಿದುಕೊಳ್ಳುತ್ತದೆ: “ಹೊರಟ್ರಾ?” ಅವರು ಕಡೂರಿನಲ್ಲಿ, ನಾನು ಭದ್ರಾವತಿಯಲ್ಲಿ, ನಡೆಯುವುದು ಮಾತ್ರ ಒಟ್ಟಿಗೆ. ನನ್ನ ನಾದಿನಿಯ ಮಗ ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಮಾಡಿಸಲೇಬೇಕು ಅಂತ ಹಠ ಹಿಡಿದಾಗಲೂ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದು ಅವರೇ. ತೊಂದರೆಯ ಲಕ್ಷಣ ಇಲ್ಲದಿದ್ದರೆ ಅದು ಬೇಕಿಲ್ಲ, ಮ್ಯಾಮೊಗ್ರಾಂ ಮತ್ತು ಕೈಯಿಂದ ಮುಟ್ಟಿ ನೋಡುವ ತಪಾಸಣೆ ಸಾಕು ಅಂದರು. ನಾದಿನಿಯ ಮಗನಿಗೆ ಇವತ್ತಿಗೂ ಸಮಾಧಾನ ಇಲ್ಲ.

ಒಂದು ವರ್ಷ ಮ್ಯಾಮೊಗ್ರಾಂನಲ್ಲಿ ಏನೋ ಕಂಡು, ಇನ್ನೊಂದು ಪರೀಕ್ಷೆ ಮಾಡಿಸಿ ಅಂದರು. ಅದು ಮಾರನೆಯ ದಿನಕ್ಕೆ. ಮಿಕ್ಕವರಿಗೆ ರಾತ್ರಿ ರೈಲಿಗೆ ವಾಪಸ್ ಟಿಕೆಟ್ ಇತ್ತು. ಟೈಲರಮ್ಮ ತಮ್ಮ ಚೀಲ ತೆಗೆದುಕೊಂಡು ಬಂದು ಧರ್ಮಶಾಲೆಯಲ್ಲಿ ನನ್ನ ಪಕ್ಕ ಇಟ್ಟರು, ಅಷ್ಟೇ. ಏನೂ ಆಗಲ್ಲ ಅನ್ನಲಿಲ್ಲ, ದೇವರಿದ್ದಾನೆ ಅನ್ನಲಿಲ್ಲ. ರಾತ್ರಿಯೆಲ್ಲ ಒಬ್ಬ ಗಿರಾಕಿ ಬ್ಲೌಸಿನ ಅಳತೆ ವಿಷಯಕ್ಕೆ ಮಾಡಿದ ಜಗಳದ ಕತೆ ಹೇಳಿದರು. ನಿರಪಾಯದ ಗಂಟು ಅಂತ ವರದಿ ಬಂದಾಗ ನನಗಿಂತ ಮೊದಲು ಅತ್ತವರು ಅವರು.

ಅವರ ಕೈಕಸುಬಿನ ಉಪಕಾರ ಇನ್ನೂ ದೊಡ್ಡದು. ಒಂದು ಎದೆ ತೆಗೆದ ಮೇಲೆ ಆ ಜಾಗಕ್ಕೆ ಇಟ್ಟುಕೊಳ್ಳಲು ಅಂಗಡಿಯಲ್ಲಿ ಸಿಗುವ ಸಿಲಿಕೋನಿನ ಕೃತಕ ಎದೆ ನಮ್ಮ ಸೆಖೆಗೂ ಆಗದು, ನಮ್ಮ ಕೈಗೂ ಎಟುಕದು. ಅವರು ಹಳೆಯ ಹತ್ತಿ ಸೀರೆಯ ಬಟ್ಟೆಯಲ್ಲಿ ಹೊಲಿದು, ಅರಳೆ ತುಂಬಿ, ಮೇಲಕ್ಕೆ ಏರದ ಹಾಗೆ ತಳದಲ್ಲಿ ಒಂದಿಷ್ಟು ನವಣೆ ಕಾಳು ಸೇರಿಸಿದರು. ಒಳಗೆ ಜೇಬಿರುವ ಬ್ಲೌಸನ್ನೂ ಹೊಲಿದುಕೊಟ್ಟರು. “ಬರಗಾಲ ಬಂದ್ರೆ ಒಂದು ಹೊತ್ತಿನ ಅನ್ನಕ್ಕಾಗ್ತದೆ” ಅಂದವರು ತರೀಕೆರೆ ಅಕ್ಕ. ಅದನ್ನು ಹಾಕಿಕೊಂಡೇ ತಂಗಿಯ ಮಗನ ಮದುವೆಯಲ್ಲಿ ಸೆರಗು ಎಳೆದೆಳೆದು ಮುಚ್ಚಿಕೊಳ್ಳದೆ ಓಡಾಡಿದೆ.

ಬೀರೂರು ಅಕ್ಕ ಈಗ ಇಲ್ಲ. ಬೆನ್ನುನೋವು ಅಂತ ಶುರುವಾಗಿ, ನೋಡಿದರೆ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಮಾರ್ಫಿನ್ ಮಾತ್ರೆಯಿಂದ ನೋವು ತಗ್ಗಿದ ದಿನಗಳಲ್ಲಿ ನಾವು ಅವರ ಮನೆಗೆ ಹೋಗಿ ಕೂರುತ್ತಿದ್ದೆವು. ಆಸ್ಪತ್ರೆ ಸುದ್ದಿ ತೆಗೆದರೆ ಸಿಟ್ಟು. “ಅದು ಬ್ಯಾಡ, ಟೈಲರಮ್ಮನ ಸೊಸೆ ತವರಿಂದ ಬಂದ್ಲಾ ಅದ್ಹೇಳ್ರಿ” ಅನ್ನುತ್ತಿದ್ದರು. ಮನೆಯವರು ಅವರ ಎದುರು ಅಳದ ಹಾಗೆ ನೋಡಿಕೊಳ್ಳುವುದರಲ್ಲೇ ಸುಸ್ತಾಗಿದ್ದರು, ನಾವು ಹೋದಾಗ ಅವರಿಗೂ ಒಂದು ಗಳಿಗೆ ಹೊರಗೆ ಹೋಗಿ ಬರಲು ಆಗುತ್ತಿತ್ತು. ಅಕ್ಕ, ನಿಮ್ಮ ಮಾತು ಕೇಳಿ ಸುದ್ದಿಯನ್ನೇ ಹೇಳಿದೆವು. ಸೊಸೆ ಬಂದಿದ್ದಾಳೆ.

ಅವರು ಹೋದ ಮೇಲಿನ ಮೊದಲ ಚೆಕಪ್ಪಿಗೆ ತರೀಕೆರೆ ಅಕ್ಕ ಬರುವುದಿಲ್ಲ ಅಂದರು. “ನಂಗೂ ಬೆನ್ನು ನೋಯ್ತದೆ, ಹೋದ್ರೆ ಅದನ್ನೇ ಹೇಳ್ತಾರೆ.” ನಾನು ಸಂಜೆ ಬಸ್ಸಿಗೆ ತರೀಕೆರೆಗೆ ಹೋಗಿ ಅವರ ಮನೆಯಲ್ಲೇ ಊಟ ಮಾಡಿ, ರಾತ್ರಿ ಸ್ಟೇಷನ್ನಿಗೆ ಕರೆದುಕೊಂಡು ಬಂದೆ. ಅವರದು ವಯಸ್ಸಿನ ಸವೆತ ಅಷ್ಟೇ. “ಇಷ್ಟಕ್ಕೆ ನನ್ನ ರಾತ್ರಿ ನಿದ್ದೆ ಹಾಳು ಮಾಡಿದ್ಯಲ್ಲ” ಅಂತ ಬರುವಾಗ ನನ್ನನ್ನೇ ಬೈದರು.

ಇನ್ನು ಕೆಲವರು: ಸಾಲಿನಲ್ಲಿ ನಿಂತವರನ್ನು ಹೆಸರು ಹಿಡಿದು “ಅಮ್ಮ” ಅಂತ ಕೂಗುವ ನರ್ಸ್, ಕೆಳಗಿನ ಬರ್ತು ಬಿಟ್ಟುಕೊಟ್ಟ ಎಷ್ಟೋ ಹುಡುಗರು, ಸರ್ಟಿಫಿಕೇಟಿನಲ್ಲಿ ತಾರೀಖು ಬಿಟ್ಟುಹೋದದ್ದನ್ನು ನೋಡಿ, ತಿದ್ದಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಕೌಂಟರ್ ಮುಚ್ಚುವುದಿಲ್ಲ ಅಂದ ಗುಮಾಸ್ತರು. ನಿಮಗೆಲ್ಲ ವಂದನೆ.

ಟೈಲರಮ್ಮನಿಗೆ ಮಾತ್ರೆ ಇನ್ನೂ ಎರಡು ವರ್ಷ ಮುಂದುವರಿಸಲು ಹೇಳಿದ್ದಾರೆ. ನನ್ನದು ವರ್ಷಕ್ಕೊಂದೇ ಸಲವಾದರೂ, ಮಿಕ್ಕ ಸಲ ಅವರ ಜೊತೆಗಾರಳ ಟಿಕೆಟ್ಟಿನಲ್ಲಿ ಬರುತ್ತೇನೆ. ಮುಕ್ಕಾಲು ಪಾಲು ಕಡಿತ ಇದೆಯಲ್ಲ. ಈ ಸಾಲಿನ ಊರುಗಳಲ್ಲಿ ಯಾರಿಗಾದರೂ ಒಬ್ಬರೇ ಚೆಕಪ್ಪಿಗೆ ಹೋಗಬೇಕಾಗಿದ್ದರೆ ಬನ್ನಿ, ಫಾರಂ ನಾನು ತುಂಬಿಕೊಡುತ್ತೇನೆ, ಮೊದಲ ಸಲ ಊಟ ತರಬೇಕಿಲ್ಲ. ಟೀಚರ್, ಈ ಸಲ ಚಿತ್ರಾನ್ನ ನೀವು ಕಟ್ಟಿಕೊಂಡು ಬರಬೇಡಿ, ನಾನು ತರ್ತೀನಿ. ನೀವು ಉಪ್ಪು ಮರೀತೀರಿ.